ಆಪರೇಟರ್ ಆಂಟಿಯ ಏಳು ಪಾತ್ರೆಗಳು

ನನ್ನ ಎಂಟು ವರ್ಷದ ಮಗಳು ಭಾನುವಾರ ಬೆಳಿಗ್ಗೆ ಒಂದು ಜಪಾನಿ ಕಾರ್ಟೂನು ನೋಡುತ್ತಾಳೆ. ಹುಡುಗಿಯರ ವಾಲಿಬಾಲ್ ಟೀಮೊಂದರ ಕಥೆ. ಹೋದ ವಾರ ಇಡ್ಲಿ ತಟ್ಟೆ ಹಿಡಿದು ನಾನೂ ಪಕ್ಕದಲ್ಲಿ ಕೂತೆ. ಅಷ್ಟು ಹೊತ್ತಿಗೆ ಎದುರಾಳಿ ಟೀಮು ಬಂತು. ಬಂತು ಅಂದರೆ ನಾವು ನೀವು ಬಂದ ಹಾಗಲ್ಲ. ಬಾಗಿಲು ತೆರೆಯಿತು, ಬೆಳಕು ನುಗ್ಗಿತು, ನಾಲ್ಕು ಗೋಡೆಯ ಒಳಗೆ ಎಲ್ಲಿಂದಲೋ ಗಾಳಿ ಬೀಸಿ ಅವರೆಲ್ಲರ ಕೂದಲು ಹಾರಿತು. ಒಬ್ಬೊಬ್ಬಳು ಕಾಲಿಟ್ಟಾಗಲೂ ಚಿತ್ರ ಗಕ್ಕನೆ ನಿಲ್ಲುತ್ತದೆ. ಇವಳ ಹೊಡೆತ ಎಂಥದು, ಇವಳ ಕಣ್ಣು ಎಂಥದು ಎಂದು ಒಬ್ಬ ಗಡಸು ದನಿಯಲ್ಲಿ ಹೇಳುತ್ತಾನೆ. ನನ್ನ ನಾಲ್ಕು ಇಡ್ಲಿ ಮುಗಿದರೂ ಅವರ ನಾಲ್ಕನೆಯವಳ ಪರಿಚಯ ಮುಗಿದಿರಲಿಲ್ಲ.

"ಅಮ್ಮಾ, ಆಪೋಸಿಟ್ ಟೀಮ್‌ಗೆ ಯಾಕಮ್ಮಾ ಇಷ್ಟು ಚೆನ್ನಾಗಿರೋ ಮ್ಯೂಸಿಕ್ಕು?" ಎಂದಳು ಮಗಳು.

ನನಗೆ ಎಂಥಾ ನಗು ಬಂತೆಂದರೆ ಚಟ್ನಿ ನೆತ್ತಿಗೇರಿತು. ಈ ಕಾರ್ಟೂನನ್ನು ನಾನು ಹದಿನೈದು ವರ್ಷದ ಹಿಂದೆಯೇ ನೋಡಿದ್ದೆ. ಜಪಾನಿನಲ್ಲಲ್ಲ ಸ್ವಾಮಿ, ಹಳೇ ಮದ್ರಾಸು ರಸ್ತೆಯಲ್ಲಿದ್ದ ನಮ್ಮ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಆಪರೇಟರ್ ಆಂಟಿಯ ಮನೆಯ ಹಜಾರದಲ್ಲಿ. ಅಲ್ಲಿ ಬೆಳಕೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಫ್ಯಾನಿನ ರೆಗ್ಯುಲೇಟರು ಕೆಟ್ಟು ಒಂದೇ ವೇಗದಲ್ಲಿ ತಿರುಗುತ್ತಿತ್ತು.

ಕಾಕತಾಳೀಯ ನೋಡಿ, ಮರುದಿನವೇ ಅಪ್ಪ ಫೋನು ಮಾಡಿದರು. "ಶುಕ್ರವಾರ ಸಾಯಂಕಾಲ ನಿಮ್ಮ ಆಂಟಿ ರಿಟೈರ್‌ಮೆಂಟು. ಫ್ಯಾಕ್ಟರಿ ಕ್ಯಾಂಟೀನಲ್ಲಿ ಫಂಕ್ಷನ್ ಇಟ್ಕೊಂಡಿದಾರೆ. ನೀನೂ ಬರಲೇಬೇಕಂತೆ. ಮೂರು ಸಲ ಹೇಳಿ ಕಳಿಸಿದಾರೆ ಕಣಮ್ಮಾ."

ಹೂಂ ಎಂದೆ. ಆದರೆ ಹಳೆಯ ಸಿಟ್ಟೊಂದು ಮಗ್ಗುಲು ಬದಲಿಸಿತು. ಆ ಹೆಂಗಸಿನ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆ ಮಾತು ಕೇಳಬೇಕೆಂದು ಎರಡು ವರ್ಷ ಕಾದಿದ್ದೆ. ಕೇಳದೆಯೇ ಟೀಮು ಬಿಟ್ಟು ಬಂದಿದ್ದೆ. ಅದಾದ ಮೇಲೆ ಅವರ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅವರಿಗೆ ಹೆಸರಿತ್ತು, ಆದರೆ ಯಾರೂ ಕರೆಯುತ್ತಿರಲಿಲ್ಲ. ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ತಂತಿ ಕಿತ್ತು, ತಂತಿ ಚುಚ್ಚಿ, ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವುದು. ಹೆಡ್‌ಫೋನು ಹಾಕಿ ಹಾಕಿ ಅವರ ತಲೆಯ ನಡುವೆ ಕೂದಲು ತಗ್ಗಾಗಿತ್ತು, ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಆ ತಗ್ಗು ಹೋಗುತ್ತಿರಲಿಲ್ಲ. ಮನೆಯಲ್ಲೂ ಅದೇ ಭಾಷೆ. ಹಾಲಿನವನಿಗೂ "ಲೈನಲ್ಲಿರಿ", ಗಂಡನಿಗೂ "ಲೈನಲ್ಲಿರಿ". ನಾವು ಹುಡುಗಿಯರೆಲ್ಲ ಒಟ್ಟಿಗೆ ಬಾಯಿ ಹಾಕಿದರೆ, "ಒಬ್ಬೊಬ್ರಾಗಿ ಬನ್ರೇ, ಇರೋದು ಒಂದೇ ಬೋರ್ಡು" ಎನ್ನುತ್ತಿದ್ದರು.

ಕಿವಿಯೋ ಕಿವಿ! ಕಾರ್ಖಾನೆಯ ಪ್ರತಿಯೊಬ್ಬರ ಕೆಮ್ಮಿನ ಗುರುತು ಅವರಿಗಿತ್ತು. ಒಮ್ಮೆ ಪೇಂಟ್ ಶಾಪಿನ ಒಬ್ಬರು ಫೋನು ಮಾಡಿ, ನರಳಿಕೊಂಡು, ವಿಪರೀತ ಜ್ವರ, ಸೂಪರ್‌ವೈಸರಿಗೆ ಲೈನು ಕೊಡಿ ಎಂದರಂತೆ. ಆಂಟಿ ಒಂದು ಕ್ಷಣ ಕೇಳಿಸಿಕೊಂಡು, "ಜ್ವರ ಸರಿ ರೀ. ನಿಮ್ಮ ಹಿಂದೆ ಇಂಟರ್ವಲ್ ಬೆಲ್ಲು ಹೊಡೀತಾ ಇದೆ. ಬೇಗ ಒಳಗೆ ಹೋಗಿ, ಪಿಕ್ಚರ್ ಶುರುವಾಗ್ಬಿಡುತ್ತೆ. ಜ್ವರ ಅಂತ ನಾನೇ ಹೇಳ್ತೀನಿ" ಎಂದರಂತೆ. ಹೇಳಿದರು ಕೂಡ. ಆ ಮನುಷ್ಯ ಪ್ರತಿ ದೀಪಾವಳಿಗೂ ಅವರ ಮನೆಗೆ ಸ್ವೀಟ್ ಬಾಕ್ಸ್ ತಂದು ಕೊಡುತ್ತಿದ್ದ.

ನಮ್ಮ ಕ್ವಾರ್ಟರ್ಸಿನ ಹೆಣ್ಣುಮಕ್ಕಳ ಥ್ರೋಬಾಲ್ ಟೀಮಿಗೆ ಅವರೇ ಮ್ಯಾನೇಜರು. ಯಾರೂ ನೇಮಿಸಿರಲಿಲ್ಲ, ತಾವೇ ಆಗಿಬಿಟ್ಟಿದ್ದರು. ಒಂದು ದಿನವೂ ಬಾಲು ಮುಟ್ಟಿದವರಲ್ಲ. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದೊಂದು ಕಡೆ ಏಳು ಜನ, ನಡುವೆ ನೆಟ್ಟು. ಆ ಕಡೆಯಿಂದ ಬಂದ ಬಾಲನ್ನು ಎರಡೂ ಕೈಯಲ್ಲಿ ಹಿಡಿದು, ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ವಾಪಸು ಎಸೆಯಬೇಕು. ಅಷ್ಟೇ. ಅಷ್ಟಕ್ಕೇ ನಾವು ಮೊಣಕೈ ಮೊಣಕಾಲು ಸುಲಿದುಕೊಂಡು, ಮನೆಯಲ್ಲಿ ಬೈಸಿಕೊಂಡು, ಮತ್ತೆ ಸಾಯಂಕಾಲ ಹೊರಡುತ್ತಿದ್ದೆವು. ಕ್ಯಾಪ್ಟನ್ ಸುಮಾ ಎರಡನೇ ಬ್ಲಾಕಿನವಳು. ಗಟ್ಟಿ ಗಂಟಲು, ಗಟ್ಟಿ ತೋಳು. ನಾನು ಏಳನೇ ನಂಬರು, ಹಿಂದಿನ ಸಾಲಿನ ಬಲಮೂಲೆ. ಯಾಕೆ ಏಳನೆಯವಳು ಅಂದರೆ ಎಂಟನೆಯವಳು ಸಿಕ್ಕಿರಲಿಲ್ಲ.

ನಾನು ಬಾಲು ಹಿಡಿಯುತ್ತಿರಲಿಲ್ಲ ಎಂದಲ್ಲ. ಯಾರೂ ನೋಡದಿದ್ದರೆ ಹಿಡಿಯುತ್ತಿದ್ದೆ. ಮಧ್ಯಾಹ್ನ ಕಾಲೇಜಿನಿಂದ ಬಂದು ವಾಟರ್ ಟ್ಯಾಂಕಿನ ಗೋಡೆಗೆ ಒಬ್ಬಳೇ ಎಸೆದು ಹಿಡಿಯುತ್ತಿದ್ದೆ. ನಾಲ್ಕು ಜನ ನೋಡಿದರೆ ಸಾಕು, ಕೈಗೆ ಬೆಣ್ಣೆ ಹಚ್ಚಿದ ಹಾಗೆ.

ಈಗ ಪಾತ್ರೆಗಳ ವಿಷಯಕ್ಕೆ ಬರುತ್ತೇನೆ. ಪ್ರತಿ ಮ್ಯಾಚಿನ ಹಿಂದಿನ ದಿನ ಸಾಯಂಕಾಲ ಆಂಟಿಯ ಹಜಾರದಲ್ಲಿ ನಾವೆಲ್ಲ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆವು. ಅವರು ಅಡುಗೆಮನೆಯಿಂದ ಏಳು ಸಾಮಾನು ತಂದು, ಎದುರಾಳಿಗಳು ನಿಲ್ಲುವ ಕ್ರಮದಲ್ಲೇ ನೆಲದ ಮೇಲೆ ಜೋಡಿಸುತ್ತಿದ್ದರು. ಆಮೇಲೆ ಸೆರಗು ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು, ಪರಿಚಯ.

ನನಗೆ ಮರೆಯಲಾಗದ್ದು ಆ ಫೈನಲ್ಲಿನ ಹಿಂದಿನ ದಿನದ್ದು. ಎದುರಾಳಿ ಪುಲಿಕೇಶಿನಗರದ ಹುಡುಗಿಯರು. ಸತತ ಎರಡು ವರ್ಷ ನಮ್ಮನ್ನು ಸೋಲಿಸಿದ್ದವರು.

"ಈಗ ಲೈನಿಗೆ ಬರ್ತಿದಾಳೆ ಒಂದನೇ ನಂಬರ್ರು, ಗ್ಲಾಡಿಸ್!" ಎಂದು ಕಬ್ಬಿಣದ ಕುಟ್ಟಾಣಿಯನ್ನು ಠಣ್ಣೆಂದು ನೆಲಕ್ಕೆ ಇಟ್ಟರು. "ಕ್ಯಾಪ್ಟನ್ನು. ಬಾಲ್ ಹಿಂದೆ ಓಡೋಳಲ್ಲ ಇವಳು. ಬಾಲೇ ಇವಳ ಮುಂದೆ ಬಂದು ಕೈಕಟ್ಟಿ ನಿಂತ್ಕೊಳುತ್ತೆ. ಎದೆ ಮಟ್ಟಕ್ಕೆ ಹಾಕ್ಬೇಡಿ, ತಲೆ ಮಟ್ಟಕ್ಕೂ ಹಾಕ್ಬೇಡಿ."

"ಮತ್ತೆ ಎಲ್ಲಿಗೆ ಹಾಕೋದು ಆಂಟಿ?" ಎಂದಳು ಸುಮಾ.

"ಅದು ನಿನ್ನ ತಲೆನೋವು. ಪರಿಚಯ ಮಾಡ್ಕೊಡೋದಷ್ಟೇ ನನ್ನ ಕೆಲಸ." ಲಟ್ಟಣಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಎರಡನೇ ನಂಬರ್ರು ಸೆಲ್ವಿ. ಹಲಸೂರು ಕೆರೆ ಹತ್ರ ಇವರಪ್ಪಂದು ಹೂವಿನಂಗಡಿ. ಹಬ್ಬದ ದಿನ ಎರಡನೇ ಮಹಡಿ ಬಾಲ್ಕನಿಗೆ ಕೆಳಗಿಂದಾನೇ ಹೂವು ಎಸೀತಾಳೆ. ಹೂವು, ತಿಳ್ಕೊಳ್ರೇ! ಒಂದು ಮೊಗ್ಗು ಉದುರಲ್ಲ. ಇನ್ನು ಬಾಲ್ ಯಾವ ಲೆಕ್ಕ?"

ನಮಗೆ ಮೈ ಜುಮ್ಮೆನ್ನುತ್ತಿತ್ತು. ಭಯ ಅನ್ನುವುದಕ್ಕಿಂತ ಅದೊಂದು ಖುಷಿ. ಇಂಥವರ ಎದುರಿಗೆ ನಾಳೆ ನಿಲ್ಲುವವರು ನಾವೇ ತಾನೆ! ಎರಡು ಸ್ಟೀಲ್ ಲೋಟ ಬಂದವು, ಒಬ್ಬರ ಮುಖ ಒಬ್ಬರು ನೋಡದೆ ಬಾಲು ದಾಟಿಸುವ ಅಕ್ಕ ತಂಗಿ. ಸೌಟು ಬಂತು, ಎಡಗೈಯವಳು. ಒಗ್ಗರಣೆ ಹುಟ್ಟು ಬಂತು, ಸರ್ವ್ ಮಾಡುವ ಮೊದಲು ಉಗುರು ಕಚ್ಚುವವಳು, ಕಚ್ಚಿದಳೆಂದರೆ ಬಾಲು ಮೂಲೆಗೇ ಬರುತ್ತದೆ. ಕೊನೆಗೆ ಆಂಟಿ ಕೈ ಮುಷ್ಟಿ ಮಾಡಿಕೊಂಡು ಬಂದು, ದೂರದ ಮೂಲೆಯಲ್ಲಿ ಏನನ್ನೋ ಇಟ್ಟು, ಅಂಗೈ ಮುಚ್ಚಿ ಹಿಡಿದರು.

"ಏಳನೇ ನಂಬರ್ರು, ನಸ್ರೀನ್." ದನಿ ಇಳಿಸಿದರು. ಕೈ ತೆಗೆದರೆ ಕುಕ್ಕರಿನ ವೆಯ್ಟು! "ಚಿಕ್ಕದು. ಸದ್ದಿಲ್ಲ, ಸುದ್ದಿಯಿಲ್ಲ. ಕೂಗಿದ್ರೆ ಇಡೀ ಬೀದಿಗೆ ಕೇಳುತ್ತೆ. ಯಾವಾಗ ಕೂಗುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ. ಯಾವ ಟೀಮ್ ಆದ್ರೂ ಏಳನೇ ನಂಬರ್ ಮೇಲೆ ಒಂದು ಕಣ್ಣಿಟ್ಟಿರಿ ಕಣ್ರೇ."

ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಿದರೋ ಏನೋ. ನೋಡಿದರೆಂದು ನಾನಂದುಕೊಂಡೆ. ನಾನು ಅವರ ಏಳು ಸಾಮಾನಿನಲ್ಲಿ ಒಂದಾಗಿದ್ದರೆ ಏನಾಗಿರುತ್ತಿದ್ದೆ? ಇದೇ ನನ್ನ ತಲೆಯಲ್ಲಿ ಹಗಲೆಲ್ಲ ಕೊರೆಯುತ್ತಿದ್ದ ಹುಳು. ಒಂದು ಚಮಚವಾದರೂ ಆಗುತ್ತಿದ್ದೆನೇ? ನಮ್ಮನ್ನು ಅವರು ಹೊಗಳಿದ್ದೇ ಇಲ್ಲ. ಗೆದ್ದರೆ "ಹೂಂ, ನಡೀತು." ಸೋತರೆ "ಹೂಂ, ಲೈನ್ ಸಿಗಲಿಲ್ಲ." ಎದುರಾಳಿಗಳಿಗೆ ಮಾತ್ರ ಇಷ್ಟು ದೊಡ್ಡ ಮೆರವಣಿಗೆ. ಒಮ್ಮೆ ಸುಮಾ ಸಿಡುಕಿ ಕೇಳಿಯೇಬಿಟ್ಟಳು. ಆಂಟಿ ಹೇಳಿದ್ದು, "ಎದುರಿಗಿರೋರನ್ನ ಚಿಕ್ಕೋರು ಮಾಡ್ಕೊಂಡು ಗೆದ್ರೆ ಗೆದ್ದು ಏನು ಬಂತು?"

ಇಷ್ಟೆಲ್ಲ ವಿವರ ಅವರಿಗೆ ಎಲ್ಲಿಂದ ಸಿಗುತ್ತಿತ್ತು? ಮ್ಯಾಚಿಗೆ ಮುಂಚಿನ ಶನಿವಾರ ಅರ್ಧ ದಿನ ಕೆಲಸ ಮುಗಿಸಿ, ಕಣ್ಣು ಡಾಕ್ಟರ ಹತ್ತಿರ ಹೋಗಿಬರುತ್ತೇನೆ ಎಂದು ಬಸ್ಸು ಹತ್ತುತ್ತಿದ್ದರು. ಹೊರಡುವ ಮುಂಚೆ ನಮ್ಮಮ್ಮನ ಹತ್ತಿರ ಬಂದು ಒಂದು ಡಬ್ಬಿ ಕೋಡುಬಳೆ ಮಾಡಿಸಿಕೊಳ್ಳುತ್ತಿದ್ದರು. ವಾಪಸು ಬರುವಾಗ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಕೇಕು. ಕಿತ್ತಳೆ ಸಿಪ್ಪೆಯ ಘಮ. ಮಸೀದಿ ರಸ್ತೆಯ ಬೇಕರಿಯದು ಎನ್ನುತ್ತಿದ್ದರು. ಮದುವೆಯಾದ ಮೇಲೆ ನಾನು ಆ ರಸ್ತೆಯ ಬೇಕರಿಗಳನ್ನೆಲ್ಲ ಜಾಲಾಡಿದೆ, ಆ ಕೇಕು ಎಲ್ಲೂ ಸಿಗಲಿಲ್ಲ. ಕಣ್ಣು ಡಾಕ್ಟರ ಹತ್ತಿರ ಅಷ್ಟು ಸಲ ಹೋದರೂ ಆಂಟಿಗೆ ಕನ್ನಡಕ ಬರಲಿಲ್ಲ ಎಂಬುದನ್ನು ನಾವ್ಯಾರೂ ಗಮನಿಸಲಿಲ್ಲ.

ಫೈನಲ್ಲು ನಡೆದದ್ದು ನಮ್ಮದೇ ಗ್ರೌಂಡಿನಲ್ಲಿ. ಇಡೀ ಕ್ವಾರ್ಟರ್ಸು ನೆರೆದಿತ್ತು. ಮೊದಲ ಸೆಟ್ಟು ಅವರಿಗೆ, ಎರಡನೆಯದು ನಮಗೆ, ಮೂರನೆಯದು ಕೂದಲೆಳೆಯಲ್ಲಿ ನಮಗೆ. ಗೆದ್ದೆವು! ಸುಮಾಳನ್ನು ಹೊತ್ತು ಕುಣಿದರು. ನಾನೂ ಕುಣಿದೆ, ಆದರೆ ನನ್ನ ಕಾಲು ಕುಣಿಯಿತು, ಅಷ್ಟೇ.

ಯಾಕೆಂದರೆ ಮೂರು ಸೆಟ್ಟಿನಲ್ಲಿ ಒಂದು ಬಾಲೂ ನನ್ನ ಕಡೆಗೆ ಬಂದಿರಲಿಲ್ಲ. ಒಂದೂ! ನನ್ನ ಮೂಲೆ ತಪ್ಪಿಸಲು ಹೋಗಿ ಅವರು ಎಷ್ಟೋ ಸಲ ಗೆರೆಯಾಚೆ ಎಸೆದರು, ನೆಟ್ಟಿಗೆ ಎಸೆದರು. ಮೊದಮೊದಲು "ಸದ್ಯ, ಬರಲಿಲ್ಲ" ಎಂದು ನಿಟ್ಟುಸಿರು ಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಟ್ಟೆ ಉರಿಯತೊಡಗಿತು. ಸೋಲಿಸಲಿಕ್ಕೂ ನಾನು ಬೇಡವಾದೆನೇ? ಫೋಟೋದಲ್ಲಿ ಎಲ್ಲರ ಬಟ್ಟೆಯೂ ಕೆಮ್ಮಣ್ಣು, ನನ್ನದು ಇಸ್ತ್ರಿ ಹಾಕಿದ ಹಾಗೇ ಇದೆ. "ಇವಳ ಡ್ರೆಸ್ ಒಗೆಯೋದೂ ಬೇಡ, ಮಡಚಿ ಇಟ್ರೆ ಸಾಕು" ಎಂದು ಯಾರೋ ನಗೆಯಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕು, ನೇರವಾಗಿ ಆಂಟಿಯ ಹತ್ತಿರ ಹೋದೆ.

"ಆಂಟಿ, ನಾಳೆಯಿಂದ ನಾನು ಬರಲ್ಲ. ನಮ್ಮೋರು ಲೆಕ್ಕಕ್ಕಿಟ್ಟಿಲ್ಲ ಸರಿ, ಆ ಕಡೆಯೋರೂ ನನ್ನನ್ನ ಲೆಕ್ಕಕ್ಕಿಡಲಿಲ್ಲ."

ಆಂಟಿಯ ಮುಖ ಬಿಳಿಚಿತು. ಸುತ್ತಮುತ್ತ ನೋಡಿದರು, ಪಕ್ಕದಲ್ಲೇ ಸುಮಾ ಕಪ್ಪು ಹಿಡಿದು ನಿಂತಿದ್ದಳು. "ಲೈನಲ್ಲಿರು ಕಣೇ, ಆಮೇಲೆ ಹೇಳ್ತೀನಿ" ಎಂದರು. ನಾನು ಲೈನಲ್ಲಿರಲಿಲ್ಲ. ಮನೆಗೆ ಹೋಗಿ ದಿಂಬಿಗೆ ಮುಖ ಹಾಕಿ ಅತ್ತೆ. ಅವರು ಎರಡು ಸಲ ಹೇಳಿ ಕಳಿಸಿದರು, ಪರೀಕ್ಷೆ ಎಂದೆ. ಆಮೇಲೆ ಕೆಲಸ, ಮದುವೆ, ಹೊರಮಾವಿನಲ್ಲಿ ಮನೆ. ನಾಲ್ಕೇ ಮೈಲಿ ಆಚೆಗಿದ್ದೂ ಹದಿನೈದು ವರ್ಷ ಹೋಗಲಿಲ್ಲ.

ಶುಕ್ರವಾರ ರೇಷ್ಮೆ ಸೀರೆ ಉಟ್ಟು, ಮಗಳನ್ನೂ ಕರೆದುಕೊಂಡು ಹೋದೆ. ಕ್ಯಾಂಟೀನಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಎಲ್ಲವೂ ಕ್ರಮವಾಗಿ ಆದವು. ತಂತಿಯ ಬೋರ್ಡು ಹೋಗಿ ಎಷ್ಟೋ ವರ್ಷವಾಗಿ, ಆಂಟಿಯನ್ನು ಡಿಸ್‌ಪ್ಯಾಚಿಗೆ ಹಾಕಿದ್ದರಂತೆ. ಆದರೂ ತಲೆಯ ಮೇಲಿನ ತಗ್ಗು ಹಾಗೇ ಇತ್ತು, ಕೂದಲು ಮಾತ್ರ ಬಿಳಿ. ಭಾಷಣ ಮಾಡುತ್ತಿದ್ದ ಅಧಿಕಾರಿ ನಾಲ್ಕನೇ ಸಲ "ಕರ್ತವ್ಯನಿಷ್ಠೆ" ಎಂದಾಗ ಆಂಟಿ ಆಕಳಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಮೂಗಿಗೆ ಕಿತ್ತಳೆ ಸಿಪ್ಪೆಯ ಘಮ ಬಡಿಯಿತು. ತಿರುಗಿದರೆ ಹಿಂದಿನ ಬೆಂಚಿನಲ್ಲಿ ಮೂವರು ಹೆಂಗಸರು, ಒಬ್ಬಳ ತೊಡೆಯ ಮೇಲೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಕೇಕು. ನನ್ನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಕುಟ್ಟಾಣಿ! ಪಕ್ಕದಲ್ಲಿ ಲಟ್ಟಣಿಗೆ! ಆ ತುದಿಯಲ್ಲಿ ಪುಟ್ಟದಾಗಿ ಕುಕ್ಕರ್ ವೆಯ್ಟು!

"ಏಯ್ ಸೆವೆನ್ ನಂಬರ್!" ಎಂದು ಗ್ಲಾಡಿಸ್ ಕಿರುಚಿದಳು. ಅಧಿಕಾರಿಯ ಭಾಷಣ ಅಲ್ಲಿಗೆ ನಿಂತಿತು. "ಅಯ್ಯೋ ನೀನು ಅದೇ ಅಲ್ವಾ ಮಾ? ನಿಮ್ಮಮ್ಮನ ಕೋಡ್‌ಬಳೆ ತಿಂದು ತಿಂದೇ ನಾನು ಈ ಸೈಜ್ ಆಗಿದ್ದು!"

ಗುಟ್ಟು ಅಲ್ಲೇ, ಕಾಫಿ ಬರುವಷ್ಟರಲ್ಲಿ ರಟ್ಟಾಯಿತು. ಕಣ್ಣು ಡಾಕ್ಟರೂ ಇಲ್ಲ, ಬೇಕರಿಯೂ ಇಲ್ಲ. ಆಂಟಿ ಪ್ರತಿ ಸಲ ಹೋಗುತ್ತಿದ್ದದ್ದು ಗ್ಲಾಡಿಸಳ ಮನೆಗೆ. ಅವಳಮ್ಮನ ಕೇಕು ತಿಂದು, ನಮ್ಮಮ್ಮನ ಕೋಡುಬಳೆ ಕೊಟ್ಟು, ಅವರ ಹುಡುಗಿಯರನ್ನು ಕಣ್ಣುತುಂಬ ನೋಡಿ ಬರುತ್ತಿದ್ದರು. ಸುಮ್ಮನೆ ನೋಡಲು ಬಿಡುತ್ತಾರೆಯೇ? ಅದಕ್ಕೆ ಪ್ರತಿಯಾಗಿ ಅಲ್ಲಿಯ ಅಡುಗೆಮನೆಯ ಏಳು ಸಾಮಾನು ಜೋಡಿಸಿ, ನಮ್ಮ ಪರಿಚಯ ಮಾಡಿಕೊಟ್ಟು ಬರುತ್ತಿದ್ದರು! ನಮ್ಮ ಹಜಾರದಲ್ಲಿ ಅವರ ಮೆರವಣಿಗೆ, ಅವರ ಹಜಾರದಲ್ಲಿ ನಮ್ಮ ಮೆರವಣಿಗೆ. ಸುಮಾಗೆ ಗೊತ್ತಾಗಿದ್ದರೆ ಅವತ್ತೇ ದೊಡ್ಡ ರಂಪವಾಗುತ್ತಿತ್ತು.

ಕಾಫಿ ಲೋಟ ಹಿಡಿದುಕೊಂಡೇ ಅವರ ಬೆಂಚಿಗೆ ಸರಿದು ಕೂತೆ. "ನನ್ನ ಬಗ್ಗೆ... ನನ್ನ ಬಗ್ಗೆ ಏನು ಹೇಳಿದ್ರು?"

ಹೇಳಿದ್ದು ನಸ್ರೀನ್. ಅವತ್ತಿನವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. "ಅಲ್ಲಾ ಕಸಮ್, ನಂಗೆ ಇನ್ನೂ ನೆನಪಿದೆ ಅಕ್ಕಾ. ಗ್ಲಾಡಿಸ್ ಮನೇಲಿ ಉಪ್ಪಿನಕಾಯಿ ಜಾಡಿ ಇತ್ತಲ್ಲ, ಅದನ್ನ ತಂದು ಮೂಲೇಲಿಟ್ರು. 'ಇದು ಏಳನೇ ನಂಬರ್ರು. ಮೂಲೇಲಿ ಕೂತಿರುತ್ತೆ, ಯಾರೂ ತಿರುಗಿ ನೋಡಲ್ಲ. ಮುಚ್ಚಳ ತೆಗೆದ್ರೆ ಮನೆಯೆಲ್ಲಾ ಘಾಟು. ತೆಗೆಯೋ ಧೈರ್ಯ ಇದ್ರೆ ತೆಗೀರಿ' ಅಂದ್ರು. ನಮ್ಗೆ ಧೈರ್ಯ ಆಗ್ಲಿಲ್ಲ. ಆ ಮೂಲೆಗೆ ಮಾತ್ರ ಹಾಕ್ಬೇಡಿ ಅಂತ ಗ್ಲಾಡಿಸ್ ಎಲ್ರಿಗೂ ಹೇಳ್ಬಿಟ್ಲು."

ಹದಿನೈದು ವರ್ಷ! ಹದಿನೈದು ವರ್ಷ ನಾನು ಹೊತ್ತುಕೊಂಡು ತಿರುಗಿದ್ದ ಅವಮಾನ ಅವರ ಹೆದರಿಕೆಯಾಗಿತ್ತಂತೆ! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ನಸ್ರೀನ್ ಮಾತ್ರ ನಗಲಿಲ್ಲ. ಸೆರಗಿನ ತುದಿ ತಿರುವುತ್ತಾ, "ನಿಮ್ದು ಸರಿ. ನಂಗೂ ಅವತ್ತು ಒಂದು ಬಾಲೂ ಬರ್ಲಿಲ್ಲ ಅಕ್ಕಾ. ನಾನೇನು ಅಷ್ಟು ಬೇಕಾರಾ, ದಂಡಾನಾ ಅಂತ ಮನೆಗೋಗಿ ಅತ್ಬಿಟ್ಟೆ. ಆಮೇಲೆ ಆಡೋಕೇ ಹೋಗ್ಲಿಲ್ಲ" ಎಂದಳು.

ನಾನು ಕಾಫಿ ಲೋಟ ಕೆಳಗಿಟ್ಟೆ. ಅವತ್ತು ಸುಮಾ ಕೋರ್ಟಿಗಿಳಿಯುವ ಮುಂಚೆ ನಮ್ಮೆಲ್ಲರ ಕಿವಿಯಲ್ಲಿ ಹೇಳಿದ್ದು ನೆನಪಾಯಿತು: ಆ ಏಳನೇ ನಂಬರ್ರಿಗೆ ಮಾತ್ರ ಹಾಕಬೇಡಿ, ಕೂಗಿಬಿಟ್ಟರೆ ಕಷ್ಟ. ಎರಡು ಮೂಲೆಯಲ್ಲಿ ಇಬ್ಬರು ಹುಡುಗಿಯರು ಮೂರು ಸೆಟ್ಟು ಕೈಚಾಚಿ ನಿಂತಿದ್ದೆವು. ಇಬ್ಬರೂ ಅಳುತ್ತಾ ಮನೆಗೆ ಹೋಗಿದ್ದೆವು. ನಾನು ಅವಳ ಎರಡೂ ಕೈ ಹಿಡಿದುಕೊಂಡು ಆಂಟಿಯ ದನಿಯಲ್ಲೇ ಹೇಳಿದೆ, "ಏಳನೇ ನಂಬರ್ರು ನಸ್ರೀನ್. ಕುಕ್ಕರ್ ವೆಯ್ಟು. ಕೂಗಿದ್ರೆ ಇಡೀ ಬೀದಿಗೆ ಕೇಳುತ್ತೆ." ಪೂರ್ತಿ ಹೇಳಿದೆ, ಒಂದಕ್ಷರ ಬಿಡದೆ. ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು.

ಆಂಟಿ ಹಾರ ಹಾಕಿಕೊಂಡೇ ನಮ್ಮ ಮುಂದೆ ಬಂದು ನಿಂತರು. ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ನಗು.

"ತಪ್ಪು ನಂದೇ ಕಣ್ರೇ. ನಿಮ್ಮಿಬ್ರನ್ನ ಸ್ವಲ್ಪ ಜಾಸ್ತಿ ಹೊಗಳ್ಬಿಟ್ಟೆ. ಬಾಲ್ ಬರುತ್ತೆ, ಹಿಡೀತೀರ, ಧೈರ್ಯ ಬರುತ್ತೆ ಅಂದ್ಕೊಂಡಿದ್ದೆ. ಎರಡು ಕಡೆಯೋರೂ ಹೆದರಿ ಬಾಲೇ ಹಾಕ್ಲಿಲ್ವಲ್ಲಾ! ಅವತ್ತೇ ಹೇಳೋಣ ಅಂದ್ರೆ ಸುಮಾ ಪಕ್ಕದಲ್ಲೇ ನಿಂತಿದ್ಲು. ಲೈನಲ್ಲಿರು ಅಂದ್ರೆ ನೀನು ಫೋನ್ ಇಟ್ಬಿಟ್ಟೆ."

"ಸುಳ್ಳು ಹೊಗಳಿಕೆ ತಾನೆ ಆಂಟಿ?" ಎಂದೆ.

"ನಾನ್ಯಾಕೆ ಸುಳ್ಳು ಹೇಳ್ಲಿ? ಎಕ್ಸ್‌ಚೇಂಜ್ ಕಿಟಕಿ ವಾಟರ್ ಟ್ಯಾಂಕ್ ಕಡೆಗೇ ಇತ್ತು ಕಣೇ. ಎರಡು ವರ್ಷ ದಿನಾ ಮಧ್ಯಾಹ್ನ ನೋಡಿದೀನಿ. ಗೋಡೆಗೆ ಹಾಕಿ ಹಿಡೀತಿದ್ದೆ. ಒಂದಾದ್ರೂ ಬಿಟ್ಟಿದ್ಯೇನೇ ನೀನು?"

ಆಮೇಲೆ ಯಾರು ಮೊದಲು ಹೇಳಿದರೋ ತಿಳಿಯದು. ಕ್ಯಾಂಟೀನಿನ ಹಿಂದೆ ಹಳೇ ಕೋರ್ಟಿನ ಎರಡು ಕಂಬ ತುಕ್ಕು ಹಿಡಿದು ನಿಂತಿದ್ದವು. ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆವು. ರಿಕ್ರಿಯೇಷನ್ ಕ್ಲಬ್ಬಿನಿಂದ ಬಾಲು ಬಂತು. ರೇಷ್ಮೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ನಿಂತೆವು. ಆ ಕಡೆ ಮೂವರು, ಈ ಕಡೆ ನಾನು, ಪ್ಯಾಕಿಂಗ್ ವಿಭಾಗದ ಇಬ್ಬರು ಹೆಂಗಸರು. ಶಾಲು ಹೊದ್ದು, ಸೆಕ್ಯುರಿಟಿಯವನ ವಿಷಲ್ಲು ಕಸಿದುಕೊಂಡು ಆಂಟಿ ಗೆರೆಯ ಮೇಲೆ ನಿಂತರು. ಮಗಳು ಓಡಿಬಂದು, "ಅಮ್ಮಾ, ಆಪೋಸಿಟ್ ಟೀಮ್ ಇವರೇನಾ?" ಎಂದಳು.

ಹೂಂ ಇವರೇ ಎಂದೆ.

ಆಂಟಿ ಗಂಟಲು ಸರಿಮಾಡಿಕೊಂಡರು. "ಈಗ ಲೈನಿಗೆ ಬರ್ತಿದಾಳೆ, ಏಳನೇ ನಂಬರ್ರು!" ಎಂದು ನನ್ನ ಕಡೆ ಕೈ ತೋರಿಸಿದರು. ಮೈಯೆಲ್ಲ ಜುಮ್ಮೆಂದಿತು. ಗಾಳಿ ಬೀಸಿತು, ಆಣೆ ಮಾಡಿ ಹೇಳುತ್ತೇನೆ, ನನ್ನ ಕೂದಲು ಹಾರಿತು.

ಬಾಲು ಗ್ಲಾಡಿಸಳ ಕೈಯಲ್ಲಿತ್ತು. ಅವಳು ನನ್ನನ್ನು ನೋಡಿದಳು, ಹಳೇ ಅಭ್ಯಾಸ, ಪಕ್ಕದವಳ ಕಡೆ ಎಸೆದಳು. ವಾಪಸು ಹೋಯಿತು. ಸೆಲ್ವಿಗೆ ಸಿಕ್ಕಿತು, ಅವಳೂ ಮೂಲೆ ತಪ್ಪಿಸಿದಳು. ಮತ್ತೆ ಹೋಯಿತು, ಈ ಸಲ ನಸ್ರೀನಳಿಗೆ. ಅವಳು ಹಿಡಿದಳು.

"ನಂಗೆ ಹಾಕು!" ಎಂದು ಕೂಗಿದೆ. ಜೀವಮಾನದಲ್ಲಿ ಮೊದಲ ಸಲ. "ನಸ್ರೀನ್, ನಂಗೆ ಹಾಕೇ!"

ಅವಳು ಹಾಕಿದಳು. ಹಾಕುವಾಗ ಕೂಗಿದ ಕೂಗು ಗೇಟಿನವರೆಗೆ ಕೇಳಿಸಿರಬೇಕು. ಬಾಲು ಹಗ್ಗದ ಮೇಲಿಂದ ನೇರ ನನ್ನ ಮೂಲೆಗೆ ಬಂತು, ಎಲ್ಲರೂ ನೋಡುತ್ತಿದ್ದರು, ನಾನು ಎರಡೂ ಕೈಯಲ್ಲಿ ಹಿಡಿದೆ. ಹಿಡಿದೇಬಿಟ್ಟೆ!

ಮೂರು ಸೆಕೆಂಡಿನೊಳಗೆ ವಾಪಸು ಎಸೆಯಬೇಕು. ನಾನು ಎಸೆಯಲಿಲ್ಲ. ಬಾಲನ್ನು ಎದೆಗೆ ಅಪ್ಪಿಕೊಂಡು ಅಳುತ್ತಾ, ನಗುತ್ತಾ ಅಲ್ಲೇ ನಿಂತುಬಿಟ್ಟೆ. ಆಂಟಿ ಪೀಽಽ ಎಂದು ವಿಷಲ್ ಊದಿದರು.

"ಫೌಲು! ಪಾಯಿಂಟು ಆ ಕಡೆಗೆ!"